ಆರ್ಮ್ ಮ್ಯಾಕ್‌ಬುಕ್ ಒಳಗೆ ವಿಂಡೋಸ್: ಒಂದು ಹಳೇ ಪ್ರಾಜೆಕ್ಟನ್ನು ಬಿಲ್ಡ್ ಮಾಡಿಸಿದ ಲಾಗ್

ಪ್ರಾಜೆಕ್ಟ್ ಹಳೆಯದು, ಪೂರ್ತಿ ವಿಂಡೋಸ್ ನಂಬಿಕೊಂಡು ಬೆಳೆದದ್ದು. ಸಿ ಶಾರ್ಪ್‌ನಲ್ಲಿ ಬರೆದ ವೆಬ್ ಎಪಿಐ (ಬೇರೆ ಪ್ರೋಗ್ರಾಂಗಳ ರಿಕ್ವೆಸ್ಟ್‌ಗೆ ಉತ್ತರ ಕೊಡುವ ಪ್ರೋಗ್ರಾಂ) ಒಂದಿದೆ. ಅದು ಎರಡು ನೇಟಿವ್ (ಒಂದು ಬಗೆಯ ಪ್ರೊಸೆಸರ್‌ಗೆಂದೇ ತಯಾರಾದ) ಡಿಎಲ್‌ಎಲ್‌ಗಳನ್ನು, ಅಂದರೆ ಕೋಡ್ ಲೈಬ್ರರಿ ಫೈಲ್‌ಗಳನ್ನು, ಕರೆಯುತ್ತದೆ. ಒಂದರ ಸಿ ಪ್ಲಸ್ ಪ್ಲಸ್ ಸೋರ್ಸ್ ನಮ್ಮ ಹತ್ತಿರವೇ ಇದೆ, ಇನ್ನೊಂದು ಹೊರಗಿನವರು ಕೊಟ್ಟ ಬರೀ ಬೈನರಿ. ಹಿಂದುಗಡೆ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್, ಮುಂದುಗಡೆ ನೋಡ್‌ನಿಂದ (ಜಾವಾಸ್ಕ್ರಿಪ್ಟ್ ಓಡಿಸುವ ಟೂಲ್) ಬಿಲ್ಡ್ ಆಗುವ, ಅಂದರೆ ಸೋರ್ಸ್ ಕೋಡ್‌ನಿಂದ ತಯಾರಾಗುವ ಪುಟಗಳು. ಇದರ ಜೊತೆಗೆ ಯುಎಸ್‌ಬಿ ಮೂಲಕ ಒಂದು ಬೋರ್ಡ್‌ಗೆ ಸೆಟ್ಟಿಂಗ್ ಬರೆಯುವ ಪುಟ್ಟ ಟೂಲ್. ಇದೆಲ್ಲವೂ ಎಂ2 ಚಿಪ್ಪಿನ, 24 ಜಿಬಿ ಮೆಮರಿಯ ಮ್ಯಾಕ್‌ಬುಕ್‌ನಲ್ಲಿ ವರ್ಚುವಲ್ ಮಷೀನ್ (ವಿಎಂ, ಅಂದರೆ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್) ಒಳಗೆ ಓಡಬೇಕು. ಅದೇ ಕೆಲಸ.

ಇಂಥ ಕೆಲಸಕ್ಕೆ ಕೈ ಹಾಕುವವರು ಮೊದಲು ಕೇಳೋದು "ಎಷ್ಟು ಸ್ಲೋ ಆಗುತ್ತೆ?" ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದ್ದು, ಪ್ರತಿಯೊಂದು ತುಂಡೂ ಯಾವ ಪ್ರೊಸೆಸರ್‌ಗೆ ಬಿಲ್ಡ್ ಆಗಿದೆ ಅನ್ನೋದು. ಎಂ2 ಚಿಪ್ಪಿನದೇ ಬಗೆಯಾದ ಆರ್ಮ್64ಗೇ ಆಗಿದ್ದರೆ ಚಿಂತೆ ಇಲ್ಲ. ಎಕ್ಸ್64 (ಇಂಟೆಲ್, ಎಎಂಡಿ ಚಿಪ್ಪುಗಳ 64 ಬಿಟ್ ಬಗೆ) ಆಗಿದ್ದು, ಮಾಮೂಲಿ ಪ್ರೋಗ್ರಾಂ ಆಗಿದ್ದರೆ ವಿಂಡೋಸ್ ಒಳಗಿನ ಎಮ್ಯುಲೇಟರ್ (ಒಂದು ಬಗೆಯ ಚಿಪ್ಪಿನ ಕೋಡನ್ನು ಇನ್ನೊಂದಕ್ಕೆ ಅನುವಾದಿಸುವ ಭಾಗ) ನಡೆಸಿಕೊಳ್ಳುತ್ತದೆ. ಎರಡರಲ್ಲೂ ಸೇರದಿದ್ದರೆ ಅದಕ್ಕೆ ವಿಎಂ ಹೊರಗೆ ಜಾಗ ಹುಡುಕಬೇಕು. ಈ ಲಾಗ್‌ನಲ್ಲಿ ಇರೋದೆಲ್ಲ ಈ ವಿಂಗಡಣೆಯೇ.

ಯಾವ ವಿಂಡೋಸ್, ಯಾವ ವಿಎಂ

ಇಂಟೆಲ್ ಮ್ಯಾಕ್‌ಗಳಲ್ಲಿ ವಿಂಡೋಸನ್ನು ನೇರವಾಗಿ ಹಾಕಿಕೊಳ್ಳಲು ಬೂಟ್ ಕ್ಯಾಂಪ್ ಇತ್ತು. 2020ರ ಕೊನೆಗೆ ಎಂ1 ಬಂದಾಗ ಆ ದಾರಿ ಮುಚ್ಚಿತು. ಈಗ ಉಳಿದಿರೋದು ವಿಎಂ ಮಾತ್ರ. ಪ್ಯಾರಲಲ್ಸ್ ಡೆಸ್ಕ್‌ಟಾಪ್ ಇದೆ, ದುಡ್ಡು ಕೊಡಬೇಕು, ಕೆಲಸ ಸಲೀಸು. ವಿಎಂವೇರ್ ಫ್ಯೂಷನ್ 2024ರ ನವೆಂಬರ್‌ನಿಂದ ಎಲ್ಲರಿಗೂ ಉಚಿತ. ಯುಟಿಎಂ ಓಪನ್ ಸೋರ್ಸ್, ಒಳಗೆ ಕ್ಯುಇಎಂಯು ಅನ್ನುವ ವಿಎಂ ಎಂಜಿನ್ ಓಡುತ್ತದೆ. ನಾನು ಯುಟಿಎಂ ತೆಗೆದುಕೊಂಡೆ. ಒಳಗೆ ಏನು ನಡೀತಿದೆ ಅಂತ ಅದರಲ್ಲಿ ಕಣ್ಣಿಗೆ ಕಾಣುತ್ತದೆ, ಅದಕ್ಕೇ ಇಷ್ಟ. ಆದರೆ ಕಚೇರಿ ಕೆಲಸಕ್ಕೆ ಬಳಸುವವರು ಒಂದು ವಿಷಯ ಗಮನಿಸಬೇಕು. ಆಪಲ್ ಸಿಲಿಕಾನ್ (ಎಂ1, ಎಂ2 ಮುಂತಾದ ಚಿಪ್ಪಿನ) ಮ್ಯಾಕ್‌ನಲ್ಲಿ ಆರ್ಮ್ ವಿಂಡೋಸ್ 11 ಪ್ರೊ, ಎಂಟರ್‌ಪ್ರೈಸ್ ಓಡಿಸೋದಕ್ಕೆ ಮೈಕ್ರೋಸಾಫ್ಟ್ 2023ರ ಫೆಬ್ರವರಿಯಲ್ಲಿ ಅಧಿಕೃತ ಒಪ್ಪಿಗೆ ಕೊಟ್ಟದ್ದು ಪ್ಯಾರಲಲ್ಸ್‌ಗೆ. ಯಾವ ವಿಎಂ ಆದರೂ ವಿಂಡೋಸ್ ಲೈಸೆನ್ಸ್ ಬೇರೆಯಾಗಿ ಬೇಕೇ ಬೇಕು.

ಯುಟಿಎಂ ಹೊಸ ಮಷೀನ್ ಮಾಡುವಾಗ ಎರಡು ಬಟನ್ ತೋರಿಸುತ್ತದೆ: ವರ್ಚುವಲೈಸ್, ಎಮ್ಯುಲೇಟ್. ತುಂಬಾ ಜನ ಇಲ್ಲೇ ದಾರಿ ತಪ್ಪುತ್ತಾರೆ. "ನನ್ನ ಟೂಲ್‌ಗಳೆಲ್ಲ ಎಕ್ಸ್64, ಹಾಗಾಗಿ ಎಕ್ಸ್64 ವಿಂಡೋಸೇ ಹಾಕೋಣ" ಅಂತ ಎಮ್ಯುಲೇಟ್ ಒತ್ತುತ್ತಾರೆ. ಆಗ ಕ್ಯುಇಎಂಯು ಇಡೀ ಕಂಪ್ಯೂಟರನ್ನೇ ಸಾಫ್ಟ್‌ವೇರ್‌ನಲ್ಲಿ ನಟಿಸಬೇಕು. ಕರ್ನಲ್ (ವಿಂಡೋಸ್‌ನ ತಿರುಳು), ಡ್ರೈವರ್, ಡೆಸ್ಕ್‌ಟಾಪ್, ಎಲ್ಲದರ ಒಂದೊಂದು ಇನ್‌ಸ್ಟ್ರಕ್ಷನ್ ಕೂಡ ಅನುವಾದ ಆಗಬೇಕು. ಸ್ಟಾರ್ಟ್ ಮೆನು ತೆರೆಯೋದಕ್ಕೇ ಕಾಯಬೇಕಾಗುತ್ತದೆ. ಸರಿಯಾದ ದಾರಿ ವರ್ಚುವಲೈಸ್ ಒತ್ತಿ ಆರ್ಮ್ ವಿಂಡೋಸ್ 11 ಹಾಕೋದು. ಆಗ ವಿಂಡೋಸ್ ಕರ್ನಲ್ ನೇರವಾಗಿ ಚಿಪ್ ಮೇಲೆ ಓಡುತ್ತದೆ. ಎಕ್ಸ್64 ಪ್ರೋಗ್ರಾಂ ಬಂದಾಗ ಅದೊಂದನ್ನು ಮಾತ್ರ ವಿಂಡೋಸ್ ತಾನೇ ಅನುವಾದ ಮಾಡುತ್ತದೆ. ಆರ್ಮ್ ವಿಂಡೋಸ್ 10ಕ್ಕೆ 32 ಬಿಟ್ ಪ್ರೋಗ್ರಾಂ ಮಾತ್ರ ನಡೆಸಲು ಬರುತ್ತಿತ್ತು. 64 ಬಿಟ್ ಬಂದದ್ದು 11ರಲ್ಲಿ. ಆದ್ದರಿಂದ 10 ಹಾಕುವ ಯೋಚನೆ ಬೇಡ.

ಇನ್‌ಸ್ಟಾಲ್

ಆರ್ಮ್64 ಐಎಸ್‌ಓ (ಇನ್‌ಸ್ಟಾಲ್ ಮಾಡುವ ಡಿಸ್ಕ್ ಫೈಲ್) 2024ರ ನವೆಂಬರ್‌ನಿಂದ ಮೈಕ್ರೋಸಾಫ್ಟ್ ಸೈಟಿನಲ್ಲೇ ಸಿಗುತ್ತದೆ. ಅದಕ್ಕೆ ಮುಂಚೆ ಇನ್ಸೈಡರ್ (ಪರೀಕ್ಷೆಗೆ ಮುಂಚಿತವಾಗಿ ಬಿಡುವ) ಇಮೇಜ್ ಹಿಡಿದು ಒದ್ದಾಡಬೇಕಿತ್ತು. ವಿಎಂಗೆ 12 ಜಿಬಿ ಮೆಮರಿ, 4 ಕೋರ್ ಕೊಟ್ಟೆ. ಎಂ2ನಲ್ಲಿ ವೇಗದ ಕೋರ್ 4, ಉಳಿತಾಯದ ಕೋರ್ 4. ಎಂಟನ್ನೂ ಕೊಟ್ಟರೆ ಬಿಲ್ಡ್ ನಡೆಯುವಾಗ ಮ್ಯಾಕ್ ಬದಿ ಏದುಸಿರು ಬಿಡುತ್ತದೆ, ಅದರಿಂದ ವಿಎಂ ಕೂಡ ತಡವರಿಸುತ್ತದೆ. ಡಿಸ್ಕ್ ಎನ್‌ವಿಎಂಇ ಅಂತಲೇ ಇರಲಿ, ವಿಂಡೋಸ್‌ನಲ್ಲಿ ಅದಕ್ಕೆ ಡ್ರೈವರ್ ಮೊದಲೇ ಇದೆ. ಟಿಪಿಎಂ (ವಿಂಡೋಸ್ 11 ಕೇಳುವ ಭದ್ರತಾ ಚಿಪ್) ಟಿಕ್ ಮಾಡಿ.

ನೆಟ್‌ವರ್ಕ್ ಕಾರ್ಡಿನ ಕಥೆ ಬೇರೆ. ಯುಟಿಎಂ ಕೊಡುವ, ವಿಎಂಗಳಿಗೆಂದೇ ಮಾಡಿದ ವರ್ಟ್‌ಐಓ ಕಾರ್ಡಿಗೆ ವಿಂಡೋಸ್‌ನಲ್ಲಿ ಡ್ರೈವರ್ ಇಲ್ಲ. ಸೆಟಪ್ ಮಾತ್ರ ಇಂಟರ್ನೆಟ್ ಬೇಕು ಅಂತ ಹಟ ಹಿಡಿದು ನಿಲ್ಲುತ್ತದೆ. ಮಷೀನ್ ಮಾಡುವಾಗ ಡ್ರೈವರ್ ಮತ್ತು ಸ್ಪೈಸ್ ಟೂಲ್ಸ್ (ವಿಎಂಗೆ ನೆರವಾಗುವ ಟೂಲ್‌ಗಳು) ಹಾಕು ಅನ್ನುವುದಕ್ಕೆ ಟಿಕ್ ಮಾಡಿದ್ದರೆ ತೊಂದರೆ ಇಲ್ಲ. ಟಿಕ್ ಮಾಡಲು ಮರೆತಿದ್ದರೆ ಆ ಪರದೆಯಲ್ಲೇ ಶಿಫ್ಟ್ ಹಿಡಿದು ಎಫ್10 ಒತ್ತಿ. ಕಮಾಂಡ್ ಪ್ರಾಂಪ್ಟ್ ತೆರೆಯುತ್ತದೆ. ಟೂಲ್ಸ್ ಸಿಡಿಯಲ್ಲಿರುವ ಇನ್‌ಸ್ಟಾಲರನ್ನು ಅಲ್ಲಿಂದಲೇ ಓಡಿಸಬಹುದು.

ಯುಟಿಎಂನಲ್ಲಿ ವಿಂಡೋಸ್‌ಗೆ 3ಡಿ ಗ್ರಾಫಿಕ್ಸ್ ವೇಗ ಸಿಗೋದಿಲ್ಲ. ಕೋಡ್ ಬರೆಯುವ ವಿಷುಯಲ್ ಸ್ಟುಡಿಯೋದಲ್ಲಿ ಸ್ಕ್ರಾಲ್ ಮಾಡಿದರೆ ಅಕ್ಷರ ಹಿಂದೆ ಬೀಳುತ್ತವೆ. ಇದಕ್ಕೆ ಎರಡು ಮದ್ದು. ವಿಷುಯಲ್ ಸ್ಟುಡಿಯೋ ಆಪ್ಷನ್ಸ್‌ನಲ್ಲಿ ಹಾರ್ಡ್‌ವೇರ್ ಗ್ರಾಫಿಕ್ಸ್ ಆಕ್ಸಿಲರೇಷನ್ ತೆಗೆದುಬಿಡೋದು ಒಂದು. ಇನ್ನೊಂದು ಜಾಸ್ತಿ ಪರಿಣಾಮಕಾರಿ: ಯುಟಿಎಂ ಕಿಟಕಿಯನ್ನು ಬಿಟ್ಟು, ಮ್ಯಾಕ್‌ನ ವಿಂಡೋಸ್ ಆ್ಯಪ್‌ನಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ವಿಎಂ ಒಳಗೆ ಹೋಗೋದು. ಮೊದಲು ಮೈಕ್ರೋಸಾಫ್ಟ್ ರಿಮೋಟ್ ಡೆಸ್ಕ್‌ಟಾಪ್ ಅಂತಿದ್ದದ್ದೇ ಇದು. ಒಂದೇ ಲ್ಯಾಪ್‌ಟಾಪಿನಲ್ಲಿ ತನಗೆ ತಾನೇ ರಿಮೋಟ್ ಮಾಡೋದು ವಿಚಿತ್ರ ಅನ್ನಿಸುತ್ತೆ, ಅಲ್ವಾ? ಆದರೆ ನುಣುಪಾಗಿ ಓಡುತ್ತದೆ, ಕ್ಲಿಪ್‌ಬೋರ್ಡ್ ಕೂಡ ಸರಿಯಾಗಿ ಕೆಲಸ ಮಾಡುತ್ತದೆ. ಇದಕ್ಕೆ ಪ್ರೊ ಆವೃತ್ತಿ ಬೇಕು, ಹೋಮ್‌ಗೆ ಹೊರಗಿನಿಂದ ರಿಮೋಟ್ ಮಾಡಲು ಬರೋದಿಲ್ಲ.

ಸೋರ್ಸ್ ಕೋಡ್ ಎಲ್ಲಿಡೋದು? ಮ್ಯಾಕ್ ಫೋಲ್ಡರನ್ನು ಹಂಚಿಕೊಂಡು ಅಲ್ಲೇ ಬಿಲ್ಡ್ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಹಂಚಿದ ಫೋಲ್ಡರ್ ವಿಂಡೋಸ್‌ಗೆ ನೆಟ್‌ವರ್ಕ್ ಡ್ರೈವ್ ಇದ್ದಂತೆ. ಸಾವಿರಾರು ಚಿಕ್ಕ ಫೈಲ್ ಓದುವಾಗ ತೆವಳುತ್ತದೆ. ಫೈಲ್ ಬದಲಾದದ್ದು ವಾಚ್ ಮಾಡುವ ಟೂಲ್‌ಗಳಿಗೆ ಸುದ್ದಿಯೇ ಮುಟ್ಟದೆ ಹೋಗಬಹುದು. ಫೋಲ್ಡರಿನ ಮಾಲೀಕ ಬೇರೆ ಯಾರೋ ಅಂತ ಗಿಟ್ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಟೂಲ್) ಕೂಡ ತಕರಾರು ತೆಗೆಯುತ್ತದೆ. ವಿಎಂಗೆ ಎರಡನೇ ಡಿಸ್ಕ್ ಸೇರಿಸಿ, ಅದನ್ನು ಡೆವ್ ಡ್ರೈವ್ (ಡೆವಲಪರ್‌ಗಳಿಗೆಂದು ವಿಂಡೋಸ್ ಕೊಡುವ ಡ್ರೈವ್ ಬಗೆ) ಮಾಡಿ, ರೆಪೊವನ್ನು, ಅಂದರೆ ಕೋಡ್ ಸಂಗ್ರಹವನ್ನು, ಅದರೊಳಗೇ ಕ್ಲೋನ್ ಮಾಡಿದೆ. ಡೆವ್ ಡ್ರೈವ್‌ಗೆ ಕನಿಷ್ಠ 50 ಜಿಬಿ ಬೇಕು. ಅದು ಆರ್‌ಇಎಫ್‌ಎಸ್ ಫೈಲ್ ಸಿಸ್ಟಮ್. ಅಲ್ಲಿ ವಿಂಡೋಸ್‌ನ ಆ್ಯಂಟಿವೈರಸ್ ಆದ ಡಿಫೆಂಡರ್ ಪ್ರತಿ ಫೈಲನ್ನೂ ತೆರೆಯುವ ಮುಂಚೆ ತಡೆದು ನೋಡದೆ, ಸ್ಕ್ಯಾನ್ ಕೆಲಸವನ್ನು ಆಮೇಲೆ ಮಾಡಿಕೊಳ್ಳುತ್ತದೆ. ಪ್ಯಾಕೇಜ್ ರಿಸ್ಟೋರ್‌ನಲ್ಲಿ (ಬೇಕಾದ ಲೈಬ್ರರಿಗಳನ್ನು ಇಳಿಸಿಕೊಳ್ಳುವ ಹೆಜ್ಜೆ) ವ್ಯತ್ಯಾಸ ಗೊತ್ತಾಗುತ್ತದೆ.

ಟೂಲ್‌ಗಳು

ವಿಷುಯಲ್ ಸ್ಟುಡಿಯೋ 2022ರ 17.4 ಆವೃತ್ತಿಯಿಂದ, ಅಂದರೆ 2022ರ ನವೆಂಬರ್‌ನಿಂದ, ಆರ್ಮ್64ಗೆ ನೇಟಿವ್ ಆಗಿ ಸಿಗುತ್ತದೆ. ಇನ್‌ಸ್ಟಾಲರ್ ತಾನೇ ಗುರುತಿಸಿ ಸರಿಯಾದದ್ದನ್ನು ಹಾಕುತ್ತದೆ. ಹಳೇ ಎಕ್ಸ್ಟೆನ್ಷನ್‌ಗಳಲ್ಲಿ ಕೆಲವು ಕಾಣೆಯಾಗುತ್ತವೆ, ಯಾಕೆಂದರೆ ತಾನು ಆರ್ಮ್64ಗೂ ಸರಿ ಅಂತ ಎಕ್ಸ್ಟೆನ್ಷನ್ ತನ್ನ ಮ್ಯಾನಿಫೆಸ್ಟ್‌ನಲ್ಲಿ ಬರೆದಿರಬೇಕು. ವಿಎಸ್ ಕೋಡ್, ಗಿಟ್, ಗೋ, ರಸ್ಟ್, ಪೈಥಾನ್, ನೋಡ್, ಇವಕ್ಕೆಲ್ಲ ಆರ್ಮ್64 ಬಿಲ್ಡ್ ಇದೆ. ಡೌನ್‌ಲೋಡ್ ಪುಟದ ದೊಡ್ಡ ಬಟನ್ ಒತ್ತಿದರೆ ಕೆಲವು ಸಲ ಎಕ್ಸ್64ದೇ ಬಂದು ಕೂರುತ್ತದೆ. ಅದೂ ಓಡುವುದರಿಂದ ಯಾರಿಗೂ ಗೊತ್ತಾಗೋದಿಲ್ಲ.

ಗೊತ್ತು ಮಾಡಿಕೊಳ್ಳಲು ಸುಲಭ ದಾರಿ ಟಾಸ್ಕ್ ಮ್ಯಾನೇಜರ್. ಡೀಟೇಲ್ಸ್ ಟ್ಯಾಬ್‌ನಲ್ಲಿ ಆರ್ಕಿಟೆಕ್ಚರ್ ಅನ್ನುವ ಕಾಲಮ್ ಸೇರಿಸಿಕೊಳ್ಳಿ. ಬಿಲ್ಡ್ ಓಡಿಸಿ, ಯಾವ ಪ್ರೋಸೆಸ್ ಯಾವ ಜಾತಿ ಅಂತ ನೋಡಿ. ನಮ್ಮ ಬಿಲ್ಡ್‌ನಲ್ಲಿ ಕಂಪೈಲರ್ ಆರ್ಮ್64 ಇತ್ತು, ಅದನ್ನು ಕರೆಯುವ ನೋಡ್ ಎಕ್ಸ್64 ಇತ್ತು, ನಡುವೆ ಒಂದು ಕೋಡ್ ಜನರೇಟರ್ 32 ಬಿಟ್ ಇತ್ತು. ಮೂರೂ ಓಡುತ್ತಿದ್ದವು! ಹಾಗಾಗಿ ಬಿಲ್ಡ್ ಸ್ಲೋ ಯಾಕೆ ಅಂತ ಗೆಸ್ ಮಾಡುವ ಬದಲು ಈ ಕಾಲಮ್ ನೋಡೋದು ಒಳ್ಳೆಯದು. ಎಕ್ಸ್64 ಪ್ರೋಗ್ರಾಂ ಮೊದಲ ಸಲ ನಿಧಾನ, ಆಮೇಲೆ ವೇಗ. ಅನುವಾದ ಆದ ಕೋಡನ್ನು ವಿಂಡೋಸ್ ಡಿಸ್ಕ್ ಮೇಲೆ ಎತ್ತಿಟ್ಟುಕೊಳ್ಳುತ್ತದೆ. ಮೊದಲ ಓಟ ನೋಡಿ ತೀರ್ಪು ಕೊಡಬೇಡಿ.

ಇಲ್ಲಿ ಒಂದು ಬ್ಯಾಚ್ ಸ್ಕ್ರಿಪ್ಟ್ ಸಿಕ್ಕಿಬಿತ್ತು. ಪ್ರೊಸೆಸರ್ ಆರ್ಕಿಟೆಕ್ಚರ್ ಅನ್ನುವ ಎನ್ವಿರಾನ್ಮೆಂಟ್ ವೇರಿಯಬಲ್ ಓದಿ, ಎಎಂಡಿ64 ಅಂತಿದ್ದರೆ 64 ಬಿಟ್ ಲೈಬ್ರರಿ, ಇಲ್ಲದಿದ್ದರೆ 32 ಬಿಟ್ ಲೈಬ್ರರಿ ತೆಗೆದುಕೊಳ್ಳುವ ಹಳೇ ಕೋಡ್. ಪ್ರಪಂಚದಲ್ಲಿ ಇರೋದು ಎರಡೇ ಅಂತ ನಂಬಿದ್ದ ಕಾಲದ್ದು. ನೇಟಿವ್ ಶೆಲ್‌ನಲ್ಲಿ ಈ ವೇರಿಯಬಲ್ ಆರ್ಮ್64 ಅಂತ ಹೇಳುತ್ತದೆ, ಸ್ಕ್ರಿಪ್ಟ್ ಸೀದಾ 32 ಬಿಟ್ ದಾರಿಗೆ ಇಳಿಯುತ್ತದೆ. ಎಮ್ಯುಲೇಟ್ ಆದ ಎಕ್ಸ್64 ಪ್ರೋಗ್ರಾಂ ಅದೇ ವೇರಿಯಬಲ್ ಕೇಳಿದರೆ ಎಎಂಡಿ64 ಅನ್ನುವ ಉತ್ತರ ಸಿಗುತ್ತದೆ. ಎಮ್ಯುಲೇಟರ್ ತನ್ನ ಪಾತ್ರ ಬಿಟ್ಟುಕೊಡೋದಿಲ್ಲ. ಹೀಗಾಗಿ ಯಾವ ಗುರಿಗೆ ಬಿಲ್ಡ್ ಆಗಬೇಕು ಅನ್ನೋದನ್ನು ಮಷೀನಿಗೆ ಕೇಳೋದು ನಿಲ್ಲಿಸಿದೆವು. ಈಗ ಸ್ಕ್ರಿಪ್ಟ್‌ಗೆ ಗುರಿಯನ್ನು ನಾವೇ ಆರ್ಗ್ಯುಮೆಂಟ್ ಆಗಿ ಕೊಡುತ್ತೇವೆ.

ನೋಡ್ ಬದಿಯಲ್ಲಿ ತಲೆನೋವು ಕಮ್ಮಿ. ಪುಟಗಳ ಸ್ಟೈಲ್ ಶೀಟ್ ತಯಾರಿಸುವ ಹಳೇ ನೋಡ್ ಸಾಸ್‌ಗೆ ಆರ್ಮ್64 ಬೈನರಿ ಇಲ್ಲ. ಹೇಗೂ ಅದನ್ನು ನಿಲ್ಲಿಸಿ ಕಾಲವಾಯಿತು. ಸಾಸ್ ಪ್ಯಾಕೇಜ್‌ಗೆ ಬದಲಾಯಿಸಿದೆ, ಮುಗಿಯಿತು.

ಎರಡು ಡಿಎಲ್‌ಎಲ್‌ಗಳು

ಎಪಿಐ ಬಿಲ್ಡ್ ಆಯಿತು, ಸ್ಟಾರ್ಟ್ ಆಯಿತು. ಮೊದಲ ರಿಕ್ವೆಸ್ಟ್‌ಗೇ ಬ್ಯಾಡ್ ಇಮೇಜ್ ಫಾರ್ಮ್ಯಾಟ್ ಎಕ್ಸೆಪ್ಷನ್. ಇದು ಫೈಲ್ ಕೆಟ್ಟಿದೆ ಅಂತಲ್ಲ. ಡಾಟ್‌ನೆಟ್ (ಸಿ ಶಾರ್ಪ್ ಕೋಡ್ ಓಡಿಸುವ ವ್ಯವಸ್ಥೆ) ಪ್ರೋಸೆಸ್ ಆರ್ಮ್64, ಅದು ಲೋಡ್ ಮಾಡಲು ಹೋದ ಡಿಎಲ್‌ಎಲ್ ಎಕ್ಸ್64. ಎಮ್ಯುಲೇಟರ್ ಇದ್ದರೂ ಉಪಯೋಗವಿಲ್ಲ. ಅದು ಕೆಲಸ ಮಾಡೋದು ಇಡೀ ಪ್ರೋಸೆಸ್ ಲೆಕ್ಕದಲ್ಲಿ. ಮಾಮೂಲಿ ಆರ್ಮ್64 ಪ್ರೋಸೆಸ್ ಒಳಗೆ ಎಕ್ಸ್64 ಡಿಎಲ್‌ಎಲ್ ಬಂದು ಕೂರುವ ಹಾಗಿಲ್ಲ. ಎರಡನ್ನೂ ಬೆರೆಸಲೆಂದೇ ಆರ್ಮ್64ಇಸಿ ಅನ್ನುವ ವ್ಯವಸ್ಥೆ ಇದೆ, ಆದರೆ ಅದು ಸಿ ಪ್ಲಸ್ ಪ್ಲಸ್ ಕೋಡನ್ನು ಹಾಗೇ ಕಂಪೈಲ್ ಮಾಡುವವರಿಗೆ. ಓಡಿಬಿಸಿ ಡ್ರೈವರ್ (ಡೇಟಾಬೇಸ್ ಜೊತೆ ಮಾತಾಡಿಸುವಂಥದ್ದು), ಕಾಮ್ ಕಾಂಪೊನೆಂಟ್ (ವಿಂಡೋಸ್ ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್ ತುಂಡು), ಹೀಗೆ ಪ್ರೋಸೆಸ್ ಒಳಗೆ ಲೋಡ್ ಆಗುವ ಎಲ್ಲಕ್ಕೂ ಇದೇ ನಿಯಮ.

ಹೊರಗಿನ ಬೈನರಿಗೆ ಆರ್ಮ್64 ಆವೃತ್ತಿ ಇಲ್ಲ. ಹಾಗಾಗಿ ಅದನ್ನು ಬಳಸುವ ಪ್ರೋಸೆಸ್ ಪೂರ್ತಿ ಎಕ್ಸ್64 ಆಗಬೇಕು. ಡಾಟ್‌ನೆಟ್‌ನ ಎಕ್ಸ್64 ಎಸ್‌ಡಿಕೆಯನ್ನೂ (ಬಿಲ್ಡ್ ಟೂಲ್‌ಗಳ ಕಂತೆ) ಹಾಕಿದೆ. ಆರ್ಮ್ ವಿಂಡೋಸ್‌ನಲ್ಲಿ ಅದು ಪ್ರೋಗ್ರಾಂ ಫೈಲ್ಸ್ ಒಳಗಿನ ಡಾಟ್‌ನೆಟ್ ಫೋಲ್ಡರ್‌ನಲ್ಲೇ ಎಕ್ಸ್64 ಅನ್ನುವ ಒಳಫೋಲ್ಡರ್‌ಗೆ ಹೋಗುತ್ತದೆ, ಎರಡೂ ಜಗಳವಿಲ್ಲದೆ ಇರುತ್ತವೆ. ಆಮೇಲೆ ಪ್ರಾಜೆಕ್ಟ್ ಫೈಲ್‌ನಲ್ಲಿ ಪ್ಲಾಟ್‌ಫಾರ್ಮ್ ಟಾರ್ಗೆಟ್ ಎಕ್ಸ್64 ಅಂತ ಬರೆಯಬೇಕು. ಟೆಸ್ಟ್ ಓಡಿಸುವಾಗ ಆರ್ಚ್ ಆಪ್ಷನ್‌ನಲ್ಲೂ ಎಕ್ಸ್64 ಕೊಡಬೇಕು. ಇಡೀ ಎಪಿಐಯನ್ನು ಹೀಗೆ ಎಕ್ಸ್64 ಮಾಡುವ ಬದಲು ಬೈನರಿ ಕರೆಯುವ ಭಾಗವನ್ನು ಮಾತ್ರ ಪುಟ್ಟ ಬೇರೆ ಪ್ರೋಸೆಸ್ ಮಾಡಿ, ನಡುವೆ ನೇಮ್ಡ್ ಪೈಪ್ (ಎರಡು ಪ್ರೋಸೆಸ್‌ಗಳು ಮಾತಾಡಿಕೊಳ್ಳುವ ದಾರಿ) ಇಟ್ಟೆ. ಕೆಲಸ ಜಾಸ್ತಿ ಆಯಿತು, ಆದರೆ ಉಳಿದದ್ದೆಲ್ಲ ನೇಟಿವ್ ವೇಗದಲ್ಲಿ ಡಿಬಗ್ ಆಗುತ್ತದೆ.

ನಮ್ಮದೇ ಡಿಎಲ್‌ಎಲ್ ಹೆಚ್ಚು ಕುತೂಹಲದ್ದು. ಕಂಪೈಲ್ ಆಗದ ಜಾಗಗಳು ನಿರೀಕ್ಷೆ ಮಾಡಿದ್ದವೇ: ಎಸ್‌ಎಸ್‌ಇ ಇಂಟ್ರಿನ್ಸಿಕ್ (ಇಂಟೆಲ್ ಬಗೆಯ ಚಿಪ್ಪಿನ ವಿಶೇಷ ಇನ್‌ಸ್ಟ್ರಕ್ಷನ್‌ಗಳನ್ನು ನೇರ ಕರೆಯುವ ಕೋಡ್) ಬಳಸಿದ್ದ ಲೂಪ್‌ಗಳು. ಆರ್ಮ್64ರಲ್ಲಿ ಅವು ಇಲ್ಲ, ಅವುಗಳ ಜಾಗದಲ್ಲಿ ನಿಯಾನ್ ಇದೆ. ಆ ಫೈಲ್‌ಗಳಲ್ಲಿ ಆರ್ಮ್64ಗೆ ಬೇರೆ ದಾರಿ ಬರೆದೆ. ಒಂದು ಬೈಟ್‌ನ ಚಾರ್ ಟೈಪ್ ಬಗ್ಗೆ ಭಯ ಇತ್ತು, ಯಾಕೆಂದರೆ ಆರ್ಮ್ ಲಿನಕ್ಸ್‌ನಲ್ಲಿ ಅದು ಅನ್‌ಸೈನ್ಡ್ (ಋಣ ಸಂಖ್ಯೆ ಹಿಡಿಯದು). ಮೈಕ್ರೋಸಾಫ್ಟ್ ಕಂಪೈಲರ್ ಆರ್ಮ್‌ನಲ್ಲೂ ಸೈನ್ಡ್ ಆಗಿಯೇ ಇಟ್ಟುಕೊಂಡಿದೆ, ಅಲ್ಲಿ ಬಚಾವ್.

ಕಂಪೈಲ್ ಆದ ಮೇಲೆ ಬಂದದ್ದು ಅಸಲಿ ಸಮಸ್ಯೆ. ಎಕ್ಸ್64 ಬಿಲ್ಡ್ ಎಮ್ಯುಲೇಟರ್‌ನಲ್ಲಿ ಸರಿಯಾಗಿ ಓಡುತ್ತದೆ. ಆರ್ಮ್64 ಬಿಲ್ಡ್ ಬೇಗ ಓಡುತ್ತದೆ, ಆದರೆ ಅಪರೂಪಕ್ಕೊಮ್ಮೆ ಖಾಲಿ ಬಫರ್ ವಾಪಸ್ ಕೊಡುತ್ತದೆ. ಡಿಬಗರ್‌ನಲ್ಲಿ ಹೆಜ್ಜೆ ಹೆಜ್ಜೆ ಹೋದರೆ ಏನೂ ಇಲ್ಲ. ಹುಡುಕಿದಾಗ ಸಿಕ್ಕಿದ್ದು ಒಂದು ವೊಲಟೈಲ್ ಬೂಲ್, ಅಂದರೆ ಬೆಲೆ ಯಾವಾಗ ಬೇಕಾದರೂ ಬದಲಾಗಬಹುದು ಅಂತ ಕಂಪೈಲರ್‌ಗೆ ಹೇಳಿಟ್ಟ ಹೌದು/ಅಲ್ಲ ವೇರಿಯಬಲ್. ಒಂದು ಥ್ರೆಡ್ (ಪ್ರೋಸೆಸ್ ಒಳಗೆ ಬೇರೆಯಾಗಿ ಓಡುವ ಕೆಲಸದ ಎಳೆ) ಬಫರ್ ತುಂಬಿ, ಆಮೇಲೆ "ರೆಡಿ" ಅಂತ ಆ ಫ್ಲ್ಯಾಗ್ ಎತ್ತುತ್ತದೆ. ಇನ್ನೊಂದು ಥ್ರೆಡ್ ಫ್ಲ್ಯಾಗ್ ನೋಡಿ ಬಫರ್ ಓದುತ್ತದೆ. ಎಕ್ಸ್86 ಪ್ರೊಸೆಸರ್‌ಗಳು ಒಂದು ಕೋರ್ ಬರೆದದ್ದನ್ನು ಬರೆದ ಕ್ರಮದಲ್ಲೇ ಬೇರೆ ಕೋರ್‌ಗಳಿಗೆ ತೋರಿಸುತ್ತವೆ. ಆರ್ಮ್ ಅಂಥ ಮಾತು ಕೊಟ್ಟಿಲ್ಲ. ಬಫರ್‌ಗೆ ಮುಂಚೆ ಫ್ಲ್ಯಾಗ್ ಕಾಣಿಸಬಹುದು. ಇದರ ಮೇಲೆ ಕಂಪೈಲರ್‌ನ ಪಾತ್ರ ಬೇರೆ. ಎಕ್ಸ್86, ಎಕ್ಸ್64ಗೆ ಮೈಕ್ರೋಸಾಫ್ಟ್ ಕಂಪೈಲರ್ ವೊಲಟೈಲ್‌ಗೆ ಕ್ರಮ ಕಾಯುವ ಅರ್ಥ ಕೊಡುತ್ತದೆ. ಆರ್ಮ್‌ಗೆ ಬಂದಾಗ ಡೀಫಾಲ್ಟ್ ಬದಲಾಗಿ, ಸಿ ಪ್ಲಸ್ ಪ್ಲಸ್ ಭಾಷೆಯ ಐಎಸ್‌ಓ ಸ್ಟ್ಯಾಂಡರ್ಡ್ ಹೇಳುವಷ್ಟೇ ಅರ್ಥ ಉಳಿಯುತ್ತದೆ. ಅದರಲ್ಲಿ ಥ್ರೆಡ್‌ಗಳ ಮಾತೇ ಇಲ್ಲ.

ಹಾಗಾದರೆ ಎಮ್ಯುಲೇಟರ್‌ನಲ್ಲಿ ಹೇಗೆ ಸರಿ ಇತ್ತು? ಎಕ್ಸ್86 ಕ್ರಮವನ್ನು ಉಳಿಸಲು ಎಮ್ಯುಲೇಟರ್ ತಾನೇ ನಡುನಡುವೆ ಬ್ಯಾರಿಯರ್ (ಕ್ರಮ ತಪ್ಪದಂತೆ ತಡೆಯುವ ಇನ್‌ಸ್ಟ್ರಕ್ಷನ್) ಹಾಕುತ್ತದೆ. ಎಮ್ಯುಲೇಷನ್ ನಿಧಾನ ಆಗೋದಕ್ಕೆ ಇದೂ ಒಂದು ಕಾರಣ. ಎಕ್ಸಿ ಫೈಲಿನ ಪ್ರಾಪರ್ಟೀಸ್‌ನಲ್ಲಿ, ಕಂಪ್ಯಾಟಿಬಿಲಿಟಿ ಟ್ಯಾಬ್ ಒಳಗೆ ಎಮ್ಯುಲೇಷನ್ ಸೆಟ್ಟಿಂಗ್ ಇದೆ. ಎಷ್ಟು ಕಟ್ಟುನಿಟ್ಟಾಗಿ ಕ್ರಮ ಕಾಯಬೇಕು ಅಂತ ಅಲ್ಲಿ ಆರಿಸಬಹುದು. ಎಮ್ಯುಲೇಟ್ ಆದ ಪ್ರೋಗ್ರಾಂ ಥ್ರೆಡ್ ವಿಷಯದಲ್ಲಿ ವಿಚಿತ್ರವಾಗಿ ಆಡಿದರೆ ಮೊದಲು ಅದನ್ನು ಬಿಗಿ ಮಾಡಿ ನೋಡಿ.

ವೊಲಟೈಲ್‌ನ ಹಳೇ ಅರ್ಥ ವಾಪಸ್ ತರುವ ಸ್ವಿಚ್ ಕಂಪೈಲರ್‌ನಲ್ಲಿದೆ. ಕಾರಣ ಖಚಿತ ಮಾಡಿಕೊಳ್ಳಲು ಅದನ್ನು ಹಾಕಿ ನೋಡಿದೆ, ಖಾಲಿ ಬಫರ್ ನಿಂತಿತು. ಆದರೆ ಸ್ವಿಚ್ ಹಾಗೇ ಬಿಡಲಿಲ್ಲ. ಆ ಫ್ಲ್ಯಾಗನ್ನು ಅಟಾಮಿಕ್ ಮಾಡಿ, ಬರೆಯುವ ಕಡೆ ರಿಲೀಸ್, ಓದುವ ಕಡೆ ಅಕ್ವೈರ್ ಕೊಟ್ಟೆ; ಥ್ರೆಡ್‌ಗಳ ನಡುವೆ ಕ್ರಮ ಕಾಯಲು ಭಾಷೆಯೇ ಕೊಡುವ ದಾರಿ ಇದು. ಉಳಿದ ಎಲ್ಲ ವೊಲಟೈಲ್‌ಗಳನ್ನೂ ಹುಡುಕಿ ಒಂದೊಂದಾಗಿ ನೋಡಿದೆವು. ಆರ್ಮ್‌ಗೆ ಪೋರ್ಟ್ ಮಾಡುವವರು ಈ ಹುಡುಕಾಟವನ್ನು ಮೊದಲ ದಿನವೇ ಮಾಡಿಬಿಡಿ.

ವಿಎಂ ಹೊರಗೆ ಹೋದವು

ಎಸ್‌ಕ್ಯೂಎಲ್ ಸರ್ವರ್ 2022ಕ್ಕೆ ಎಕ್ಸ್64 ಪ್ರೊಸೆಸರ್ ಬೇಕು. ಆರ್ಮ್ ವಿಂಡೋಸ್ ಮೇಲೆ ಅದಕ್ಕೆ ಬೆಂಬಲ ಇಲ್ಲ, ಸುಮ್ನೆ ಒದ್ದಾಡೋದು ಬೇಡ. ಅದರ ಲಿನಕ್ಸ್ ಕಂಟೇನರನ್ನು (ಬೇಕಾದ್ದೆಲ್ಲ ಒಟ್ಟಿಗೆ ಕಟ್ಟಿಟ್ಟ ಪ್ರೋಗ್ರಾಂ) ಮ್ಯಾಕ್ ಬದಿಯ ಡಾಕರ್‌ನಲ್ಲಿ ಹಾಕಿದೆ, ಆಪಲ್‌ನ ಎಕ್ಸ್64 ಅನುವಾದಕ ರೊಸೆಟ್ಟಾ ಬಳಸುವ ಆಪ್ಷನ್ ಆನ್ ಮಾಡಿ. ಇದು ಡೆವಲಪ್‌ಮೆಂಟ್‌ಗೆ ಸಾಕು, ಪ್ರೊಡಕ್ಷನ್‌ಗೆ ಅಲ್ಲ. ಯುಟಿಎಂ ಶೇರ್ಡ್ ನೆಟ್‌ವರ್ಕ್‌ನಲ್ಲಿ ವಿಎಂ ಕಣ್ಣಿಗೆ ಮ್ಯಾಕ್ ಸಾಮಾನ್ಯವಾಗಿ 192.168.64.1. ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಲೋಕಲ್ ಡಿಬಿ (ಎಸ್‌ಕ್ಯೂಎಲ್ ಸರ್ವರ್‌ನ ಪುಟ್ಟ ಡೆವಲಪರ್ ಆವೃತ್ತಿ) ತೆಗೆದು ಆ ವಿಳಾಸ, 1433 ಪೋರ್ಟ್ ಹಾಕಿದೆ. ವಿಂಡೋಸ್ ಲಾಗಿನ್ ಬದಲು ಎಸ್‌ಕ್ಯೂಎಲ್ ಲಾಗಿನ್ ಬೇಕಾಯಿತು. ಹೊಸ ಕ್ಲೈಂಟ್ ಲೈಬ್ರರಿ ಡೀಫಾಲ್ಟ್ ಆಗಿ ಎನ್‌ಕ್ರಿಪ್ಷನ್ ಕೇಳುತ್ತದೆ, ಆದ್ದರಿಂದ ಸರ್ವರ್ ಸರ್ಟಿಫಿಕೇಟ್ ನಂಬು ಅನ್ನೋದನ್ನೂ ಸೇರಿಸಬೇಕು.

ಉಲ್ಟಾ ದಿಕ್ಕಿನಲ್ಲಿ, ಮ್ಯಾಕ್ ಬ್ರೌಸರ್‌ನಿಂದ ವಿಎಂ ಒಳಗಿನ ಎಪಿಐ ನೋಡಬೇಕಾದರೆ ಡಾಟ್‌ನೆಟ್‌ನ ವೆಬ್ ಸರ್ವರ್ ಕೆಸ್ಟ್ರೆಲ್‌ಗೆ 0.0.0.0 ಮೇಲೆ (ಎಲ್ಲ ನೆಟ್‌ವರ್ಕ್ ವಿಳಾಸಗಳಲ್ಲೂ) ಕೇಳು ಅಂತ ಹೇಳಿ, ವಿಂಡೋಸ್ ಫೈರ್‌ವಾಲ್‌ನಲ್ಲಿ ಪೋರ್ಟ್ ತೆರೆಯಬೇಕು. ಇನ್ನೊಂದು ವೆಬ್ ಸರ್ವರ್ ಐಐಎಸ್ ಎಕ್ಸ್‌ಪ್ರೆಸ್ ಲೋಕಲ್‌ಹೋಸ್ಟ್ (ತನ್ನದೇ ಮಷೀನ್) ಬಿಟ್ಟು ಹೊರಗೆ ನೋಡೋದಿಲ್ಲ. ಅದರ ಬೈಂಡಿಂಗ್ ತಿದ್ದುವ ಬದಲು ಕೆಸ್ಟ್ರೆಲ್ ಬಳಸಿ.

ಡಬ್ಲ್ಯುಎಸ್‌ಎಲ್ 2 (ವಿಂಡೋಸ್ ಒಳಗೆ ಲಿನಕ್ಸ್), ಹೈಪರ್ ವಿ (ವಿಂಡೋಸ್‌ನದೇ ವಿಎಂ ವ್ಯವಸ್ಥೆ), ವಿಂಡೋಸ್ ಒಳಗಿನ ಡಾಕರ್, ಇವೆಲ್ಲ ವಿಎಂ ಒಳಗೆ ಇನ್ನೊಂದು ವಿಎಂ ಕೇಳುತ್ತವೆ. ಎಂ2 ಮೇಲೆ ಆಗೋದಿಲ್ಲ. ಡಬ್ಲ್ಯುಎಸ್‌ಎಲ್ 1 ಓಡುತ್ತದೆ. ಆದರೆ ಪಕ್ಕದಲ್ಲೇ ಮ್ಯಾಕ್ ಟರ್ಮಿನಲ್ ಇರುವಾಗ ಅದರ ಅಗತ್ಯ ನನಗೆ ಬೀಳಲಿಲ್ಲ. ಸ್ನಾಪ್‌ಡ್ರ್ಯಾಗನ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್ ಇರುವವರಿಗೆ ಈ ತೊಡಕಿಲ್ಲ, ಅಲ್ಲಿ ವಿಂಡೋಸ್ ನೇರವಾಗಿ ಹಾರ್ಡ್‌ವೇರ್ ಮೇಲಿದೆ.

ಯುಎಸ್‌ಬಿ ಟೂಲ್ 32 ಬಿಟ್, ಅದರ ಕಿಟಕಿ ತಕ್ಷಣ ತೆರೆಯಿತು. ಬೋರ್ಡ್‌ನಲ್ಲಿರುವ ಸೀರಿಯಲ್ ಚಿಪ್‌ಗೆ ತಯಾರಕರು ಆರ್ಮ್64 ಡ್ರೈವರ್ ಕೊಟ್ಟಿದ್ದಾರೆ. ಅದನ್ನು ಹಾಕಿ, ಯುಟಿಎಂ ಮೆನುವಿನಿಂದ ಸಾಧನವನ್ನು ವಿಎಂಗೆ ಒಪ್ಪಿಸಿದರೆ ಕಾಮ್ ಪೋರ್ಟ್ ಬಂತು. ಫರ್ಮ್‌ವೇರ್ ಬರೆಯುವ ಪ್ರೋಗ್ರಾಮರ್ ಡಾಂಗಲ್ ಮಾತ್ರ ಬರಲಿಲ್ಲ. ಅದಕ್ಕೆ ಇರೋದು ಎಕ್ಸ್64 ಡ್ರೈವರ್ ಒಂದೇ. ಡ್ರೈವರ್ ಕರ್ನಲ್ ಒಳಗೆ ಓಡುತ್ತದೆ, ಕರ್ನಲ್ ಆರ್ಮ್64, ಅಲ್ಲಿ ಎಮ್ಯುಲೇಟರ್‌ಗೆ ಪ್ರವೇಶವೇ ಇಲ್ಲ. ಟೆಸ್ಟ್ ಸೈನಿಂಗ್ (ಅಧಿಕೃತ ಡಿಜಿಟಲ್ ಸಹಿ ಇಲ್ಲದ ಡ್ರೈವರನ್ನೂ ಒಪ್ಪುವ ಸೆಟ್ಟಿಂಗ್) ಆನ್ ಮಾಡಿದರೂ ಪ್ರಯೋಜನ ಇಲ್ಲ, ಇಲ್ಲಿನ ತೊಂದರೆ ಸಹಿಯದ್ದಲ್ಲ. ಫರ್ಮ್‌ವೇರ್ ಬರೆಯುವ ಹೆಜ್ಜೆಯನ್ನು ಮ್ಯಾಕ್ ಬದಿಯ ಓಪನ್‌ಓಸಿಡಿಗೆ (ಬೋರ್ಡ್‌ಗೆ ಫರ್ಮ್‌ವೇರ್ ಬರೆಯಬಲ್ಲ ಓಪನ್ ಸೋರ್ಸ್ ಟೂಲ್) ಸಾಗಿಸಿದೆ. ಸ್ಕ್ರಿಪ್ಟ್ ಈಗ ವಿಎಂನಿಂದ ಎಸ್‌ಎಸ್‌ಎಚ್ (ಬೇರೆ ಮಷೀನ್ ಮೇಲೆ ಕಮಾಂಡ್ ಓಡಿಸುವ ದಾರಿ) ಮೂಲಕ ಮ್ಯಾಕ್‌ಗೆ ಹೇಳಿ ಬರೆಸುತ್ತದೆ.

ಎಲ್ಲ ನಿಂತ ಮೇಲೆ ವಿಎಂ ಶಟ್‌ಡೌನ್ ಮಾಡಿ ಫೈಂಡರ್‌ನಲ್ಲಿ ಅದರ ಫೈಲನ್ನು ಡೂಪ್ಲಿಕೇಟ್ ಮಾಡಿಟ್ಟೆ. ಮ್ಯಾಕ್‌ನ ಫೈಲ್ ಸಿಸ್ಟಮ್ ಆದ ಎಪಿಎಫ್‌ಎಸ್ ಮೇಲೆ ಇದು ಕ್ಷಣದ ಕೆಲಸ, ಬದಲಾದ ಭಾಗಕ್ಕೆ ಮಾತ್ರ ಹೊಸ ಜಾಗ ಹಿಡಿಯುತ್ತದೆ. ದೊಡ್ಡ ಅಪ್‌ಡೇಟ್‌ಗೆ ಮುಂಚೆ ಹೀಗೆ ಒಂದು ನಕಲು ಇರಲಿ.

ರಿಲೀಸ್ ಬಿಲ್ಡ್ ಇನ್ನೂ ಎಕ್ಸ್64 ಸರ್ವರ್‌ನಲ್ಲೇ ನಡೆಯುತ್ತದೆ, ಟೆಸ್ಟ್ ಕೂಡ ಅಲ್ಲೇ. ಗ್ರಾಹಕರ ಹತ್ತಿರ ಇರೋದು ಎಕ್ಸ್64 ಮಷೀನ್. ಎಮ್ಯುಲೇಟರ್‌ನಲ್ಲಿ ಅಳೆದ ವೇಗ ಅವರ ವೇಗ ಅಲ್ಲ. ಆ ಸರ್ವರ್‌ನ ಅದೇ ಪೈಪ್‌ಲೈನ್‌ಗೆ (ಬಿಲ್ಡ್, ಟೆಸ್ಟ್ ತಾನಾಗಿ ನಡೆಸುವ ಸಾಲು) ಆರ್ಮ್64 ಗುರಿಯನ್ನೂ ಸೇರಿಸಿದ್ದೇವೆ. ಇನ್‌ಸ್ಟಾಲರ್ ಭಾಗ ಇನ್ನೂ ಬಾಕಿ ಇದೆ.